ನೀರು ನಿಲ್ಲದ ಕಲಶ

ಪಾತ್ರೆಯೆಂದರೆ ಏನನ್ನಾದರೂ ಧರಿಸತಕ್ಕದ್ದೆಂಬ ನಮ್ಮ ನಿತ್ಯದ ತಿಳಿವಳಿಕೆಗೆ ತೀರ ವಿರುದ್ಧವಾಗಿ, ಮೈಯೆಲ್ಲ ಸಂದುಗಳಿಂದಲೇ ಕೂಡಿ, ನೀರನ್ನಾಗಲಿ ಅಕ್ಕಿಯನ್ನಾಗಲಿ ಕ್ಷಣಮಾತ್ರವೂ ಹಿಡಿದಿಡಲಾರದೆ, ಕಿಟಕಿಯ ಬಳಿ ಇರಿಸಿದರೆ ಬೆಳಕನ್ನು ಮಾತ್ರ ಒಂದು ಮಗ್ಗುಲಿನಿಂದ ಒಳಗೆ ಹೊಗಿಸಿಕೊಂಡು ಇನ್ನೊಂದು ಮಗ್ಗುಲಿನಿಂದ ಹೊರಗೆ ಬಿಡುವ ಮರದ ಕಲಶವೊಂದುಂಟು. ದೂರದಿಂದ ನೋಡಿದವರಿಗೆ ಅದು ಹೆಣೆದದ್ದೆಂದೇ ತೋರುವುದು. ಹತ್ತಿರ ಬಂದು ನೋಡಿದವರಿಗೆ, ಹೆಬ್ಬೆರಳಿನ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲದ ನೂರಾರು ಮರದ ಖಂಡಗಳು ಸಾಲುಸಾಲಾಗಿ, ಎಡಬಲದ ನೆರೆಯವನ್ನು ಮುಟ್ಟದೆ, ಕೆಳಗಿನ ಸಾಲಿನ ಎರಡೆರಡು ಖಂಡಗಳ ಅಂಚಿನ ಮೇಲೆ ಮಾತ್ರ ನೆಲೆಯೂರಿ ನಿಂತಿರುವುದು ಗೋಚರಿಸುವುದು. ಲೇತಿನ ಮೇಲೆ ತಿರುಗಿಸಿ ಉಳಿಯಿಂದ ಕಡೆದು ರೂಪಿಸುವ ಈ ಕೆಲಸಕ್ಕೆ ಓಪನ್ ಸೆಗ್ಮೆಂಟೆಡ್ ಟರ್ನಿಂಗ್ ಎಂದು ಹೆಸರು. ಈ ಲೇಖನದ ಮಟ್ಟಿಗೆ ಅದನ್ನು ಬಿಡಿಖಂಡಗಳ ಕಡಚಲು ಎಂದು ಕರೆಯೋಣ.

ಕಡಚಲಿನ ಕಸುಬು ನಮಗೇನೂ ಹೊಸದಲ್ಲ. ಲಕ್ಕುಂಡಿ, ಇಟಗಿಗಳ ಚಾಲುಕ್ಯ ದೇಗುಲಗಳಲ್ಲಿಯೂ ಬೇಲೂರು, ಹಳೇಬೀಡುಗಳ ಹೊಯ್ಸಳ ನವರಂಗಗಳಲ್ಲಿಯೂ ಬಳೆಬಳೆಯಾಗಿ ನುಣುಪುಗೊಂಡು ನಿಂತಿರುವ ಕಂಬಗಳನ್ನು ನೋಡಿದವರು, ಕಲ್ಲಿಗೂ ಕಡಚಲು ಹಿಡಿಸಬಲ್ಲವರು ಈ ನೆಲದಲ್ಲಿ ಇದ್ದರೆಂಬುದನ್ನು ಒಪ್ಪದೆ ಇರಲಾರರು. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡನ್ನು ತಿರುಗಿಸಿ ಬೊಂಬೆಯ ಆಕಾರಕ್ಕೆ ತಂದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತಿದ್ದಂತೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಪದ್ಧತಿ ಇಂದಿಗೂ ನಡೆದುಬಂದಿದೆ. ಮಹಾರಾಷ್ಟ್ರದಲ್ಲಿ ಸಾವಂತವಾಡಿಯ ಬಣ್ಣದ ಆಟಿಕೆಗಳಿಗೆ ಇಂಥದೇ ಕೀರ್ತಿಯುಂಟು. ಕಡಚಲಗಾರನನ್ನು ಮರಾಠಿಯವರು ಕಾತಾರಿ ಎನ್ನುವರು. ಪುಣೆಯ ತುಳಶೀಬಾಗಿನ ಇಕ್ಕಟ್ಟಾದ ಅಂಗಡಿಸಾಲಿನಲ್ಲಿ ತೂಗುಹಾಕಿರುವ ಲಟ್ಟಣಿಗೆ, ಕಡಗೋಲುಗಳು ಆ ಕಸುಬಿನ ದೈನಂದಿನ ಫಲ. ಇವೆಲ್ಲದರಲ್ಲಿಯೂ ಕ್ರಮ ಒಂದೇ: ಇಡಿಯಾದ ಒಂದು ತುಂಡನ್ನು ಹಿಡಿದು, ಬೇಡವಾದುದನ್ನು ತೆಗೆಯುತ್ತ ತೆಗೆಯುತ್ತ ಬೇಕಾದುದನ್ನು ಉಳಿಸಿಕೊಳ್ಳುವುದು.

ಬಿಡಿಖಂಡದ ಕಡಚಲಗಾರನಾದರೋ ಈ ಇಡಿ ತುಂಡಿನ ಹಂಬಲವನ್ನೇ ಬಿಟ್ಟವನು. ಮರವನ್ನು ಮೊದಲು ಪಟ್ಟಿಗಳಾಗಿ ಸೀಳಿ, ಪಟ್ಟಿಗಳನ್ನು ಸಣ್ಣ ಖಂಡಗಳಾಗಿ ಕೊಯ್ದು, ಖಂಡಗಳನ್ನು ವರ್ತುಲವಾಗಿ ಅಂಟಿಸಿ ಬಳೆ ಮಾಡಿ, ಬಳೆಯ ಮೇಲೆ ಬಳೆಯನ್ನು ಇಟ್ಟಿಗೆಯ ವರಸೆಯಂತೆ ಸಂದು ತಪ್ಪಿಸಿ ಏರಿಸಿ, ಹೀಗೆ ಒರಟಾಗಿ ಎದ್ದುನಿಂತ ಮೆಟ್ಟಿಲುಮೆಟ್ಟಿಲಿನ ಗೋಪುರವನ್ನು ಕೊನೆಗೆ ಉಳಿಗೆ ಒಪ್ಪಿಸುವನು. ಖಂಡಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೆ ಅದು ಮುಚ್ಚಿದ ಬಳೆ. ಖಂಡಖಂಡಗಳ ನಡುವೆ ನಿಯತವಾದ ಬಯಲನ್ನು ಬಿಟ್ಟರೆ ಬಿಡಿಖಂಡ. ಮೊದಲನೆಯದು ಕಷ್ಟವೆಂದೂ ಎರಡನೆಯದು ಅದರ ಸಡಿಲ ರೂಪವೆಂದೂ ಭಾವಿಸಲು ಕಾರಣವಿಲ್ಲ. ಬಯಲನ್ನು ಕೂಡ ಅಳೆದು, ಕೊಯ್ದು, ಸಮನಾಗಿ ಇರಿಸಬೇಕಾದ ಪದಾರ್ಥವೆಂದು ಬಗೆಯಬೇಕಾಗಿ ಬರುವುದರಿಂದ ಈ ಕೆಲಸದ ಸ್ವಾರಸ್ಯವೆಲ್ಲ ಅಲ್ಲಿಯೇ ಅಡಗಿದೆಯೆಂದು ನನ್ನ ಎಣಿಕೆ.

ಲೆಕ್ಕ ಹೀಗೆ. ವೃತ್ತದ 360 ಡಿಗ್ರಿಗಳನ್ನು 24 ಪಾಲು ಮಾಡಿದರೆ ಪಾಲೊಂದಕ್ಕೆ 15 ಡಿಗ್ರಿ ಬರುವುದು. ಮುಚ್ಚಿದ ಬಳೆಯಲ್ಲಿ ಈ 15 ಡಿಗ್ರಿಯನ್ನೂ ಮರವೇ ತುಂಬಬೇಕಾದುದರಿಂದ ಪ್ರತಿ ಖಂಡದ ಎರಡು ತುದಿಗಳನ್ನೂ 7.5 ಡಿಗ್ರಿ ಓರೆಯಾಗಿ ಕೊಯ್ಯಬೇಕು. 24 ಖಂಡಕ್ಕೆ 48 ಓರೆಗಳು. ಒಂದೊಂದರಲ್ಲಿಯೂ ಡಿಗ್ರಿಯ ಹತ್ತನೆಯ ಒಂದಂಶ ಒಂದೇ ಕಡೆಗೆ ತಪ್ಪಿದರೆ, ಬಳೆ ಸುತ್ತಿಬರುವ ಹೊತ್ತಿಗೆ ಆ ತಪ್ಪೆಲ್ಲ ಒಟ್ಟುಗೂಡಿ 4.8 ಡಿಗ್ರಿಯ ಬಿರುಕಾಗಿ ಬಾಯ್ದೆರೆಯುವುದು. ಬಿಡಿಖಂಡದಲ್ಲಿ 15 ಡಿಗ್ರಿಯ ಪಾಲಿನೊಳಗೆ 12ನ್ನು ಮರಕ್ಕೂ 3ನ್ನು ಬಯಲಿಗೂ ಕೊಟ್ಟೆವೆನ್ನೋಣ. ತುದಿಯ ಓರೆ ಆಗ 6 ಡಿಗ್ರಿ. ಮೇಲಿನ ಸಾಲನ್ನು 7.5 ಡಿಗ್ರಿ ಸರಿಸಿ ಇರಿಸಿದಾಗ, ಪ್ರತಿಯೊಂದು ಖಂಡವೂ ಕೆಳಗಿನ ಒಂದು ಬಯಲಿನ ಮೇಲೆ ಸೇತುವೆಯಾಗಿ ಹಾಯ್ದು, ಎರಡು ಬದಿಯಲ್ಲಿಯೂ ನಾಲ್ಕೂವರೆ ಡಿಗ್ರಿಯಷ್ಟು ಮಾತ್ರ ಮರದ ಮೇಲೆ ಕೂರುವುದು. ಕಲಶದ ಹೊಟ್ಟೆಯ ತ್ರಿಜ್ಯ 100 ಮಿಲಿಮೀಟರ್ ಇದ್ದರೆ, ಬಯಲಿನ ಅಗಲ ಸುಮಾರು 5.2 ಮಿಲಿಮೀಟರ್, ಖಂಡದ ಹೊರಮೈ 21 ಮಿಲಿಮೀಟರಿಗೆ ಸಮೀಪ, ಅಂಟು ಹಿಡಿಯುವ ಜಾಗ ಒಂದೊಂದು ಬದಿಗೆ ಎಂಟು ಮಿಲಿಮೀಟರಿಗೂ ಒಂದು ಕೂದಲೆಳೆ ಕಡಿಮೆ. ಕೊರಳಿನ ಬಳಿ ತ್ರಿಜ್ಯ ಅರ್ಧವಾದರೆ ಬಯಲೂ ಅರ್ಧವಾಗಿ 2.6 ಮಿಲಿಮೀಟರಿಗೆ ಇಳಿಯುವುದು. ಹೊಟ್ಟೆಯಲ್ಲಿ ಅಗಲವಾಗಿ ಬೀಳುವ ಬೆಳಕು ಕೊರಳಿನತ್ತ ಏರುತ್ತ ಗೆರೆಯಾಗಿ ಸಣ್ಣಗಾಗುವುದಕ್ಕೆ ಯಾವ ಕಲಾವಿದನ ಸಂಕಲ್ಪವೂ ಬೇಕಿಲ್ಲ. ಕೋನ ಒಂದೇ ಆಗಿದ್ದು ತ್ರಿಜ್ಯ ಬೇರೆಯಾದರೆ ಸಾಕು.

ಬಯಲಿಗೆ ಇನ್ನೊಂದು ಗುಣವುಂಟು. ಮುಚ್ಚಿದ ಬಳೆಯಲ್ಲಿ ಒಂದು ಖಂಡದ ತಪ್ಪು ನೆರೆಯ ಖಂಡಕ್ಕೆ ದಾಟಿ, ಅದರಿಂದ ಮುಂದಿನದಕ್ಕೆ ದಾಟಿ, ಕಡೆಗೆ ಇಡೀ ವರ್ತುಲವನ್ನು ಕೆಡಿಸುವುದು. ಬಿಡಿಖಂಡದಲ್ಲಿ ಪ್ರತಿಯೊಂದೂ ತನ್ನ ಗುರುತಿನ ಮೇಲೆ ತಾನು ಕೂರುವುದರಿಂದ, ಅದರ ತಪ್ಪನ್ನು ಅದರ ಪಕ್ಕದ ಬಯಲು ಅಲ್ಲಿಯೇ ನುಂಗಿಬಿಡುವುದು. ಈ ಗುರುತನ್ನು ಕೊಡುವುದು ಲೇತಿನ ಅಚ್ಚಿಗೆ ಹೊಂದಿಸಿದ ವಿಭಾಗ ಚಕ್ರ. 24 ಖಂಡದ ಸಾಲುಗಳಿಗೆ 48 ಮನೆಗಳ ಚಕ್ರ ಬೇಕು: ಬೆಸ ಸಂಖ್ಯೆಯ ಮನೆಗಳು ಒಂದು ಸಾಲಿಗೆ, ಸಮ ಸಂಖ್ಯೆಯವು ಅದರ ಮೇಲಿನ ಸಾಲಿಗೆ. ಇಷ್ಟಾದರೂ ಗಣಿತ ಕ್ಷಮಿಸಿದುದನ್ನು ಕಣ್ಣು ಕ್ಷಮಿಸುವುದೆಂದು ಹೇಳಬರುವಂತಿಲ್ಲ. ಮರದ ಮೇಲಿನ ಕಾಲು ಮಿಲಿಮೀಟರಿನ ವ್ಯತ್ಯಾಸವನ್ನು ಕಾಣದ ದೃಷ್ಟಿ, ಬೆಳಕಿಗೆದುರಾಗಿ ಹಿಡಿದ ಎರಡು ಸಂದುಗಳ ನಡುವಿನ ಅದೇ ವ್ಯತ್ಯಾಸವನ್ನು ಥಟ್ಟನೆ ಹಿಡಿಯುವುದು.

ಖಂಡ ಕೊಯ್ಯುವ ಉಪಾಯವನ್ನು ಸ್ವಲ್ಪ ನಿಧಾನಿಸಿ ನೋಡಬೇಕು, ಏಕೆಂದರೆ ಅದರಲ್ಲಿ ಜಾಣತನವಿದೆ. ಗರಗಸದ ಮೇಜಿನ ಮೇಲೆ ಜಾರುವ ಒಂದು ಹಲಗೆ. ಅದರ ಮೇಲೆ ಒಂದಕ್ಕೊಂದು ಓರೆಯಾಗಿ ಎರಡು ಒತ್ತುಪಟ್ಟಿಗಳು. ಇವೆರಡರ ನಡುವೆ 12 ಡಿಗ್ರಿಯ ಕರಾರುವಾಕ್ಕಾದ ಬೆಣೆಯೊಂದನ್ನು ಸಿಕ್ಕಿಸಿ, ಪಟ್ಟಿಗಳನ್ನು ಬಿಗಿದು, ಬೆಣೆಯನ್ನು ತೆಗೆದುಬಿಡುವರು. ಮರದ ಪಟ್ಟಿಯನ್ನು ಒಂದು ಸಲ ಎಡದ ಒತ್ತುಪಟ್ಟಿಗೆ ಆನಿಸಿ ಕೊಯ್ದು, ಮರುಸಲ ಬಲದ್ದಕ್ಕೆ ಆನಿಸಿ ಕೊಯ್ದರೆ ಒಂದು ಖಂಡ ಉದುರುವುದು. ಹಲಗೆ ಕೊಂಚ ಸೊಟ್ಟಗಿದ್ದು ಒಂದು ತುದಿ 5.9 ಡಿಗ್ರಿಯಾದರೆ ಇನ್ನೊಂದು ತುದಿ 6.1 ಆಗುವುದೇ ಹೊರತು ಅವುಗಳ ಮೊತ್ತ 12ನ್ನು ಬಿಟ್ಟು ಕದಲದು. ಅಮೆರಿಕದ ಟೆಕ್ಸಾಸಿನ ಜೆರ್ರಿ ಬೆನೆಟ್ ಎಂಬವರು ಕಂಡುಹಿಡಿದ ಈ ಸಲಕರಣೆಗೆ ಅಲ್ಲಿ ವೆಜ್ಜೀ ಸ್ಲೆಡ್ ಎಂಬ ಮುದ್ದಿನ ಹೆಸರಿದೆ. ಪ್ರತಿ ಕೋನವನ್ನೂ ಅಳೆಯುವ ದೈನ್ಯದಿಂದ ಕೆಲಸಗಾರನನ್ನು ಪಾರುಮಾಡಿದ ಪುಣ್ಯ ಅದರದ್ದು.

ಇಂಥ ಕೆಲಸಕ್ಕೆ ಪುಣೆ ತಕ್ಕ ಊರೆಂದು ನನಗೆ ತೋರುವುದಕ್ಕೆ ಕಾರಣಗಳುಂಟು. ಎರಡನೆಯ ಬಾಜೀರಾಯನು 1807ರಲ್ಲಿ ಕಟ್ಟಿಸಿದ ವಿಶ್ರಾಮಬಾಗ್ ವಾಡೆಯ ಮುಂಭಾಗದಲ್ಲಿ ಸುರು ಮರದ ಆಕೃತಿಯಲ್ಲಿ ಕೆತ್ತಿದ ಕಂಬಗಳನ್ನು ನೋಡಿದರೆ, ಮರವೆಂಬುದು ಕೈಗೆ ಧಾರಾಳವಾಗಿ ಎಟುಕುತ್ತಿದ್ದ ಕಾಲವೊಂದು ಕಣ್ಣಮುಂದೆ ನಿಲ್ಲುವುದು. 1732ರಲ್ಲಿ ಗೃಹಪ್ರವೇಶವಾದ ಶನಿವಾರವಾಡೆ 1828ರ ಬೆಂಕಿಯಲ್ಲಿ ಬೆಂದು ಕಲ್ಲಿನ ಅಧಿಷ್ಠಾನ, ಕೋಟೆಗೋಡೆ, ಹೆಬ್ಬಾಗಿಲುಗಳು ಮಾತ್ರ ಉಳಿದುವು. ಪೇಠೆಗಳ ಸಣ್ಣಪುಟ್ಟ ವಾಡೆಗಳು ಬೆಂಕಿಯ ಹಂಗಿಲ್ಲದೆ, ಮಹಡಿಮನೆಗಳಿಗೆ ಎಡೆಮಾಡಿಕೊಡಲು ಒಂದೊಂದಾಗಿ ಇಳಿಯುತ್ತಿವೆ. ಹಾಗೆ ಇಳಿದ ತೊಲೆ, ಜಂತೆ, ಬಾಗಿಲುವಾಡಗಳ ತೇಗ ಮರ ತುಂಡುತುಂಡಾಗಿ ಹಳೆಯ ಸಾಮಾನಿನವರ ಕೈಸೇರಿ, ಬುಧವಾರ ಭಾನುವಾರಗಳ ಜುನಾ ಬಜಾರಿನಂಥ ಕಡೆಗಳಲ್ಲಿ ಕಬ್ಬಿಣದ ಚೂರುಪಾರಿನ ಜೊತೆಗೆ ಬಿದ್ದಿರುವುದುಂಟು. ಹೊಸ ಮರ ಬೇಕಾದವರಿಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಇದ್ದೇ ಇದೆ. ಕಲಶ ಕಡೆಯುವಷ್ಟು ದಪ್ಪದ ಇಡಿ ದಿಮ್ಮಿಯನ್ನು ಇಂದು ಕೊಳ್ಳಬಲ್ಲವರು ವಿರಳ. ಎರಡು ಮೊಳದ ತೇಗದ ತುಂಡಾದರೆ ಎಂಥವನಿಗೂ ದಕ್ಕುವುದು, ಅದನ್ನು ಪಟ್ಟಿಗಳಾಗಿ ಸೀಳಿದರೆ ಇಡೀ ಕಲಶಕ್ಕೆ ಸಾಲುವುದು. ಅದರಲ್ಲಿಯೂ ತಲೆಮಾರುಗಳ ಕಾಲ ಸೂರಿನಡಿ ಒಣಗಿದ ಮರ ಇನ್ನು ಸೊಟ್ಟಗಾಗುವಷ್ಟು ಆಗಿಹೋಗಿರುವುದರಿಂದ ನೆಚ್ಚಿಗೆ ಯೋಗ್ಯ. ಆದರೆ ಒಂದು ಎಚ್ಚರ: ಹಳೆಯ ತೊಲೆಯೊಳಗೆ ಮುರಿದು ಕುಳಿತ ಮೊಳೆ ಹೊರಗೆ ಒಂದು ಕಪ್ಪು ಚುಕ್ಕೆಯಾಗಿ ಮಾತ್ರ ಕಾಣುವುದು, ಗರಗಸದ ಹಲ್ಲು ಅದನ್ನು ಕಂಡುಹಿಡಿಯುವ ಮೊದಲು ಅಯಸ್ಕಾಂತ ಕಂಡುಹಿಡಿಯುವುದು ಲೇಸು.

ತೇಗಕ್ಕೆ ಎರಡು ದೋಷಗಳುಂಟು. ಅದರ ಮೈಯಲ್ಲಿರುವ ಎಣ್ಣೆ ಅಂಟನ್ನು ಹತ್ತಗೊಡದು, ಆದುದರಿಂದ ಅಂಟು ಹಚ್ಚುವ ಮುನ್ನ ಸ್ಪಿರಿಟಿನಿಂದ ಒರೆಸಬೇಕು. ಅದರೊಳಗಿನ ಸಿಲಿಕದ ಕಣಗಳು ಉಳಿಯ ಬಾಯಿಯನ್ನು ಬೇಗ ಮೊಂಡುಮಾಡುವುವು, ಆದುದರಿಂದ ಸಾಣೆ ಪಕ್ಕದಲ್ಲಿಯೇ ಇರಬೇಕು. ಅಂಟೆಂದರೆ ನಮ್ಮ ದೇಶದ ಬಡಗಿಗಳೆಲ್ಲ ಬಲ್ಲ ಫೆವಿಕಾಲ್‌ನಂಥ ಬಿಳಿಯ ಅಂಟೇ ಸಾಕು. ಹೇಗೆ ಸಾಕೆಂಬುದಕ್ಕೆ ಉತ್ತರ ಮರದ ಎಳೆಯಲ್ಲಿದೆ. ಎಳೆಯುದ್ದಕ್ಕೆ ಎಳೆಯುದ್ದವನ್ನು ಕೂಡಿಸಿದರೆ ಅಂಟು ಮರಕ್ಕಿಂತಲೂ ಗಟ್ಟಿಯಾಗಿ ನಿಲ್ಲುವುದು. ಎಳೆಯ ಕೊಯ್ದ ತುದಿಗೆ ಕೊಯ್ದ ತುದಿಯನ್ನು ಕೂಡಿಸಿದರೆ ಮರ ಅಂಟನ್ನು ಹೀರಿಕೊಂಡು ಬೆಸುಗೆಯನ್ನು ಬಡವಾಗಿಸುವುದು. ಮುಚ್ಚಿದ ಬಳೆಯ ಪ್ರತಿಯೊಂದು ಸಂಧಿಯೂ ಈ ಎರಡನೆಯ ಬಗೆಯದು. ಮೇಲಿನ ಕೆಳಗಿನ ಬಳೆಗಳ ಆಸರೆಯಿಂದ ಅದು ಬದುಕಿರುವುದು. ಬಿಡಿಖಂಡದಲ್ಲಿ ಕೊಯ್ದ ತುದಿಗಳೆಲ್ಲ ಬಯಲಿಗೆ ಮುಖಮಾಡಿ ಸುಮ್ಮನಿರುವುವು, ಅಂಟುವುದೆಲ್ಲ ಮಗ್ಗುಲಿಗೆ ಮಗ್ಗುಲು. ನೋಟಕ್ಕೆ ಮುಟ್ಟಿದರೆ ಮುರಿಯುವಂತಿರುವ ಕಲಶ ಕೈಯಲ್ಲಿ ಅಷ್ಟು ಬಿಗಿಯಾಗಿರುವುದರ ಗುಟ್ಟು ಇದು.

ಹವೆಯ ವಿಷಯವೂ ಇಲ್ಲಿಯೇ ಬರತಕ್ಕದ್ದು. ಚೈತ್ರದ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣಗುವ ಪುಣೆಯ ಗಾಳಿ ಆಷಾಢ ಶ್ರಾವಣಗಳಲ್ಲಿ ಬಟ್ಟೆ ಆರದಷ್ಟು ತೇವಗೊಳ್ಳುವುದು. ಮರ ಎರಡಕ್ಕೂ ಮೈಮಣಿಯುವುದು. ಹಸಿಮರ ಪೂರ್ಣ ಒಣಗುವಾಗ ತೇಗವು ಬೆಳೆಯುಂಗುರದ ಗುಂಟ ಸುಮಾರು ನೂರಕ್ಕೆ 5ರಿಂದ 6ರಷ್ಟೂ, ಉಂಗುರವನ್ನು ಅಡ್ಡಹಾಯ್ದು ಸುಮಾರು ಎರಡೂವರೆಯಷ್ಟೂ ಕುಗ್ಗುವುದಾದರೆ, ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಒಣಗಿದ ಮರ ಋತುಋತುವಿಗೆ ಆಡುವ ಆಟ ಇದರ ಒಂದಂಶ ಮಾತ್ರ, ಆದರೂ ಪ್ರಮಾಣ ಅದೇ. ಕಲಶದಲ್ಲಿ ಎಳೆಗಳೆಲ್ಲ ಪರಿಧಿಯ ಗುಂಟ ಸುತ್ತಿಕೊಂಡಿರುವುದರಿಂದ ಸುತ್ತಳತೆ ಕದಲದು, ಗೋಡೆಯ ದಪ್ಪವೂ ಎತ್ತರವೂ ಕೂದಲಿನಷ್ಟು ಹೆಚ್ಚುಕಡಿಮೆಯಾಗುವುವು, ಅಷ್ಟೆ. ಅಪಾಯವಿರುವುದು ತಳದಲ್ಲಿ. ಆತುರಗಾರರು ಬಳೆಯೊಳಗೆ ಒಂದು ಇಡಿಯಾದ ಬಿಲ್ಲೆಯನ್ನು ಕೂರಿಸಿ ತಳವೆಂದುಕೊಳ್ಳುವರು. ಮಳೆಗಾಲದಲ್ಲಿ ಬಿಲ್ಲೆ ಅಡ್ಡಕ್ಕೆ ಹಿಗ್ಗಿ, ಹಿಗ್ಗಲೊಲ್ಲದ ಬಳೆಯನ್ನು ಸಂದುಸಂದಿನಲ್ಲಿ ಒಡೆದುಹಾಕುವುದು. ಬಲ್ಲವರು ತಳವನ್ನೂ ಬೆಣೆಯಾಕಾರದ ಖಂಡಗಳಿಂದಲೇ ಕಟ್ಟುವರು, ಇಲ್ಲವೆ ಬಿಲ್ಲೆಯನ್ನು ಅತಿ ಚಿಕ್ಕದಾಗಿ ಇರಿಸುವರು.

ಇಷ್ಟು ಹೊತ್ತಾದರೂ ಲೇತು ತಿರುಗಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಇಪ್ಪತ್ತು ಸಾಲಿನ ಕಲಶಕ್ಕೆ 480 ಖಂಡಗಳು, 960 ಕೊಯ್ದ ತುದಿಗಳು. ಕಟ್ಟಿದ ಮೇಲೆ ಸಂದಿನೊಳಕ್ಕೆ ಕೈ ಹೋಗದಾದ್ದರಿಂದ ಆ ತುದಿಗಳನ್ನೆಲ್ಲ ಅಂಟಿಸುವ ಮೊದಲೇ ಉಪ್ಪುಕಾಗದದಲ್ಲಿ ತಿಕ್ಕಿ ನಯಗೊಳಿಸಬೇಕು. ಅಂಟಿನ ಹನಿ ಹೆಚ್ಚಾದರೆ ಸಂದಿನೊಳಗೆ ಒಸರಿ ಹಳದಿಯ ಕಲೆಯಾಗುವುದು, ಕಡಿಮೆಯಾದರೆ ಖಂಡ ಹಾರುವುದು. ಒಂದೊಂದನ್ನೂ ಗುರುತಿಗೆ ಇರಿಸಿ, ಬೆರಳಿನಲ್ಲಿ ಒತ್ತಿ, ಅಂಟು ಹಿಡಿದುಕೊಳ್ಳುವವರೆಗೆ ಕಾದು, ಚಕ್ರವನ್ನು ಎರಡು ಮನೆ ಮುಂದಕ್ಕೆ ತಿರುಗಿಸಿ, ಮತ್ತೊಂದನ್ನು ಇರಿಸಬೇಕು. ಒಂದು ಸಾಲು ಮುಗಿದ ಮೇಲೆ ಅದರ ಮೇಲ್ಮೈಯನ್ನು ಸಪಾಟು ಮಾಡಿದ ಹೊರತು ಮುಂದಿನದನ್ನು ಏರಿಸುವಂತಿಲ್ಲ. ಜಪದಲ್ಲಿ ಅಭಿರುಚಿಯುಳ್ಳವರಿಗೆ ಹೇಳಿಮಾಡಿಸಿದ ಕೆಲಸ.

ಲೇತು ತಿರುಗತೊಡಗಿದಾಗ ನಡೆಯುವುದು ವಿಚಿತ್ರ. ಸಂದುಗಳೆಲ್ಲ ಮಾಯವಾಗಿ, ಕಲಶವು ಹೊಗೆಯ ಬಣ್ಣದ ಗಾಜಿನಂತಾಗಿ, ಹೊರಗೆ ನಿಂತವನಿಗೆ ಅದರ ಗೋಡೆಯ ಮೂಲಕವೇ ಒಳಗೆ ಕೆಲಸಮಾಡುತ್ತಿರುವ ಉಳಿಯ ಮೂತಿ ಮಸುಕಾಗಿ ಕಾಣುವುದು. ಮುಟ್ಟಬೇಕೆಂಬ ಆಸೆ ಆ ಕ್ಷಣದಲ್ಲಿ ಹುಟ್ಟಿದರೆ ಅದನ್ನು ಅದುಮಿಡತಕ್ಕದ್ದು. ಗಾಜಿನಂತೆ ತೋರಿದುದು ನಿಜವಾಗಿ ಓಡುತ್ತಿರುವ 24 ಹಲ್ಲುಗಳ ಸಾಲು, ಬೆರಳನ್ನು ಉಳಿಸದು. ನಿಮಿಷಕ್ಕೆ 600 ಸುತ್ತಿನ ವೇಗದಲ್ಲಿ ಉಳಿಯ ಬಾಯಿಗೆ ಸೆಕೆಂಡಿಗೆ 240 ಸಲ ಮರ ತಾಗಿ, 240 ಸಲ ಗಾಳಿ ತಾಗುವುದರಿಂದ ಒಂದು ಸ್ಥಿರವಾದ ಗುಂಯ್ಗಾರ ಏಳುವುದು, ವೇಗ ಏರಿಸಿದರೆ ಶ್ರುತಿಯೂ ಏರುವುದು. ಗದಗಿನ ಸೀಮೆಯಿಂದ ಪುಣೆಗೆ ಬಂದು ನೆಲೆಸಿದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಸಂಗೀತೋತ್ಸವವನ್ನು ಬೆಳೆಸಿದ ಊರಿನಲ್ಲಿ ಈ ನಾದವನ್ನು ಯಾರಾದರೂ ಷಡ್ಜಕ್ಕೆ ಹೋಲಿಸಿ ನೋಡಿದರೆ ತಪ್ಪೇನೂ ಆಗದು. ಕಡಚಲಗಾರನಿಗೆ ಆ ನಾದದಿಂದ ಬೇರೊಂದು ಪ್ರಯೋಜನವುಂಟು: ಒಂದು ಖಂಡದ ಅಂಟು ಸಡಿಲಿದರೆ ಗುಂಯ್ಗಾರದ ನಡುವೆ ಟಕ್ ಟಕ್ ಎಂಬ ಎಡವು ಕೇಳಿಬರುವುದು, ಕೂಡಲೆ ಲೇತನ್ನು ನಿಲ್ಲಿಸುವನು. ಖಂಡದಿಂದ ಉಳಿ ಹೊರಬೀಳುವ ಅಂಚಿಗೆ ಹಿಂದುಗಡೆ ಆಸರೆಯಿಲ್ಲದ್ದರಿಂದ ಅಲ್ಲಿ ಸಿಬಿರು ಏಳುವುದು ಸಹಜ. ಆಗತಾನೆ ಸಾಣೆ ಹಿಡಿದ ಉಳಿ, ಹಗುರಾದ ಒತ್ತು, ಅವಸರವಿಲ್ಲದ ನಡೆ, ಇವುಗಳ ಹೊರತು ಅದಕ್ಕೆ ಮದ್ದಿಲ್ಲ. ಕಲಶ ಆಳವಾದರೆ ಉಳಿ ತಳ ಮುಟ್ಟುವಷ್ಟರಲ್ಲಿ ನಡುಗತೊಡಗುವುದರಿಂದ, ಕೆಳಗಿನ ಸಾಲುಗಳ ಒಳಮೈಯನ್ನು ಮೊದಲು ಕಡೆದು ಮುಗಿಸಿ ಮೇಲಿನ ಸಾಲುಗಳನ್ನು ಆಮೇಲೆ ಏರಿಸುವುದೂ, ಎರಡು ಅರ್ಧಗಳನ್ನು ಬೇರೆ ಬೇರೆ ಕಡೆದು ಹೊಟ್ಟೆಯ ಬಳಿ ಕೂಡಿಸುವುದೂ ರೂಢಿ.

ಇಲ್ಲಿ ಬಡಗಿಗಿಂತ ಹೆಚ್ಚಾಗಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರನ ಶೀಲವೇ ಬೇಕಾಗಿರುವುದು ಸ್ಪಷ್ಟ. ವರ್ನಿಯರ್ ಓದಬಲ್ಲ ಕೈಗಳಿಗೆ ಪುಣೆಯಲ್ಲಿ ಕೊರತೆಯಿಲ್ಲ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಮೊದಲಿಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮಕುಟುಂಬ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ತೆರೆದು ಲೇತುಗಳನ್ನು ಮಾಡಿತು, 1946ರಲ್ಲಿ ಪುಣೆಯ ಖಡಕಿಯಲ್ಲಿ ಎಂಜಿನ್ನುಗಳ ಕಾರ್ಖಾನೆಯನ್ನು ತೆರೆಯಿತು. ಲೇತನ್ನು ಕಟ್ಟಿದ ಊರಿಗೂ ಲೇತು ದುಡಿದ ಊರಿಗೂ ನಡುವೆ ಹೀಗೊಂದು ಕನ್ನಡದ ನಂಟು ಉಂಟು.

ಪಶ್ಚಿಮದಲ್ಲಿ ಈ ಕಲೆ ಈಚಿನ ಕೆಲವು ದಶಕಗಳಲ್ಲಿ ಬಹಳ ಬೆಳೆದಿದೆ. 1986ರಲ್ಲಿ ಹುಟ್ಟಿದ ಅಮೆರಿಕದ ಕಡಚಲಗಾರರ ಸಂಘದ ಆಶ್ರಯದಲ್ಲಿ ಖಂಡಗಳ ಕೆಲಸಕ್ಕೆಂದೇ ಒಂದು ಶಾಖೆಯಿದೆ. ಮಾಲ್ಕಮ್ ಟಿಬೆಟ್ಸ್ 2005ರಲ್ಲಿ ಬರೆದ ಗ್ರಂಥವನ್ನು ಕಲಿಯುವವರು ಇಂದಿಗೂ ಹುಡುಕಿ ಓದುವರು. ಕಲಶದ ರೇಖೆಯನ್ನು ತೆರೆಯ ಮೇಲೆ ಎಳೆದರೆ ಖಂಡಗಳ ಅಳತೆಯನ್ನೆಲ್ಲ ತಾನೇ ಪಟ್ಟಿಮಾಡಿಕೊಡುವ ಗಣಕದ ಸಾಧನಗಳೂ ಬಂದಿವೆ. ಹತ್ತಾರು ಬಣ್ಣದ ಮರಗಳನ್ನು ಕೂಡಿಸಿ, ಸಂದುಗಳ ನಡುವೆ ಹಕ್ಕಿ, ಎಲೆ, ಮುಖಗಳನ್ನು ಮೂಡಿಸಿದ ಕೆಲಸಗಳನ್ನು ಕಂಡಾಗ ನನಗೆ ಆಶ್ಚರ್ಯವಾಗುವುದು, ಸಂತೋಷ ಆಗುವುದಿಲ್ಲ. ಅಲ್ಲಿ ಲೆಕ್ಕ ತನ್ನ ಜಾಣ್ಮೆಯನ್ನು ತಾನೇ ಮೆರೆಸಿಕೊಳ್ಳುತ್ತಿರುತ್ತದೆ. ಬೇಲೂರಿನ ಚೆನ್ನಕೇಶವ ದೇಗುಲ 1117ರಲ್ಲಿ ಪ್ರತಿಷ್ಠೆಯಾಗಿ, ಮುಂದೆ ಅದರ ನವರಂಗಕ್ಕೆ ಜಾಲಂಧ್ರಗಳನ್ನು ಕೂಡಿಸಿದರು; ಅವುಗಳಲ್ಲಿ ಪುರಾಣದ ಕಥೆಗಳನ್ನು ಕೆತ್ತಿದವೂ ಉಂಟು, ಬರಿಯ ಜ್ಯಾಮಿತಿಯ ತೂತುಗಳಿಂದ ಕೂಡಿದವೂ ಉಂಟು. ಒಳಗೆ ನಿಂತು ನೋಡುವಾಗ ಕಥೆಯ ಫಲಕಗಳು ತಮ್ಮನ್ನು ತಾವು ತೋರಿಸಿಕೊಳ್ಳುವುವು, ಜ್ಯಾಮಿತಿಯವು ಬೆಳಕನ್ನು ತೋರಿಸುವುವು. ಕಲಶಕ್ಕೂ ಒಂದೇ ಮರ, ಒಂದೇ ಅಂತರ, ಒಂದು ಒಳ್ಳೆಯ ರೇಖೆ, ಇಷ್ಟೇ ಒಪ್ಪುವುದೆಂದು ನನ್ನ ಪಕ್ಷಪಾತ.

ಇದನ್ನು ಚನ್ನಪಟ್ಟಣದವರು ಕೈಗೆತ್ತಿಕೊಳ್ಳಬಹುದೆ ಎಂದು ಕೇಳಿದರೆ, ಮರದ ದೃಷ್ಟಿಯಿಂದ ಅಡ್ಡಿಯಿಲ್ಲ: ಹಾಲೆಮರ ಬೆಳ್ಳಗಿದೆ, ಎಳೆ ನಯವಾಗಿದೆ, ಸಿಬಿರು ಕಡಿಮೆ, ಬೊಂಬೆಗೆ ಒಲ್ಲದ ಚಿಕ್ಕ ತುಂಡುಗಳೇ ಖಂಡಕ್ಕೆ ಸಾಕು. ತೊಡಕಿರುವುದು ಅರಗಿನಲ್ಲಿ. ತಿರುಗುವ ಮರದ ನಿರಂತರವಾದ ಮೈಯನ್ನು ಬಯಸುವ ಅರಗಿನ ಕಡ್ಡಿ ಸಂದುಗಳ ಅಂಚಿಗೆ ಬಡಿದು ಪುಡಿಯಾಗುವುದು, ಕರಗಿದುದು ಸಂದಿನೊಳಕ್ಕೆ ಇಳಿದು ಗಂಟುಕಟ್ಟುವುದು, ತಾಳೆಗರಿ ಹರಿಯುವುದು. ಬಟ್ಟೆಯಿಂದ ಒರೆಸುವ ಹೊಳಪೂ ಅದೇ ಕಾರಣಕ್ಕೆ ಸಲ್ಲದೆ, ಬಿಡಿಖಂಡದವರು ಮೆರುಗೆಣ್ಣೆಯನ್ನು ತುಂತುರಾಗಿ ಸಿಂಪಡಿಸುವರು. ಆದರೆ ಕಲಶದ ಬಾಯಿಗೂ ಪಾದಕ್ಕೂ ಹೇಗಿದ್ದರೂ ಒಂದೊಂದು ಮುಚ್ಚಿದ ಬಳೆ ಬೇಕೇ ಬೇಕು. ಆ ಎರಡು ಬಳೆಗಳಿಗೆ ಮಾತ್ರ ಅರಗಿನ ಕೆಂಪನ್ನು ಕೊಟ್ಟು, ನಡುವಿನ ಹಾಲೆಯನ್ನು ಬೆಳ್ಳಗೆ ಬಿಟ್ಟರೆ ಹೇಗೆ ಕಂಡೀತೆಂದು ನೋಡುವುದಕ್ಕೆ ಬೇಕಾದದ್ದು ಒಂದು 48 ಮನೆಯ ಚಕ್ರ, ಒಂದು ಜಾರುವ ಹಲಗೆ, 12 ಡಿಗ್ರಿಯ ಒಂದು ಬೆಣೆ. ಉಳಿದುದೆಲ್ಲ ಅವರಲ್ಲಿ ಆಗಲೇ ಇದೆ.